ಮಗಳು ಎಡಿಸನ್‌ನಲ್ಲಿ, ಮಗ ಹಾಸನದಲ್ಲಿ: ಅಮೆರಿಕದ ಅಧ್ಯಕ್ಷರಾಗಲು ಯಾರಿಗೆ ಹಕ್ಕಿದೆ?

ಪ್ರಶ್ನೆ: ನನ್ನ ಗಂಡ ಎಚ್‌1ಬಿ ಉದ್ಯೋಗ ವೀಸಾದಲ್ಲಿ ನ್ಯೂಜೆರ್ಸಿಯಲ್ಲಿದ್ದಾಗ, 2016ರಲ್ಲಿ, ನಮ್ಮ ಮಗಳು ಎಡಿಸನ್‌ನಲ್ಲಿ ಹುಟ್ಟಿದಳು. ನನ್ನದು ಆಗ ಅವರ ಹೆಂಡತಿಯಾಗಿ ಸಿಕ್ಕ ಎಚ್‌4 ವೀಸಾ. ಇಬ್ಬರಿಗೂ ಕಾಯಂ ವಾಸದ ಗ್ರೀನ್ ಕಾರ್ಡ್ ಇರಲಿಲ್ಲ. 2020ರಲ್ಲಿ ಮೈಸೂರಿಗೆ ವಾಪಸ್ ಬಂದೆವು. ಮಗಳಿಗೆ ಅಮೆರಿಕದ ಪಾಸ್‌ಪೋರ್ಟ್ ಇದೆ, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದೆ. ಮಗ ದೊಡ್ಡವನು, ಹುಟ್ಟಿದ್ದು ಹಾಸನದಲ್ಲಿ, ನನ್ನ ತವರಿನಲ್ಲಿ. ನಮ್ಮತ್ತೆ ಮನೆಗೆ ಬಂದವರಿಗೆಲ್ಲ ‘ನಮ್ಮ ಮೊಮ್ಮಗಳು ಅಮೆರಿಕದ ಅಧ್ಯಕ್ಷೆ ಆಗಬಹುದು ಗೊತ್ತಾ’ ಎನ್ನುತ್ತಾರೆ. ಭಾವ ಒಪ್ಪುವುದಿಲ್ಲ. ‘ಅಪ್ಪ ಅಮ್ಮ ಇಬ್ಬರೂ ಅಮೆರಿಕದ ಪ್ರಜೆಗಳಾಗಿರಬೇಕು, ಅಲ್ಲದೆ ಟ್ರಂಪ್ ಈಗ ಆ ಪೌರತ್ವವನ್ನೇ ತೆಗೆದುಹಾಕಿದ್ದಾರೆ’ ಎನ್ನುತ್ತಾರೆ. ಯಾರು ಸರಿ? ಇಲ್ಲೇ ಬೆಳೆದರೆ ಅವಳ ಹಕ್ಕು ಹೋಗುತ್ತದಾ? ಮಗ ಮುಂದೆ ಅಲ್ಲಿಗೆ ಹೋಗಿ ಪ್ರಜೆಯಾದರೆ ಅವನಿಗೂ ಈ ಅವಕಾಶ ಇದೆಯಾ?

ಉತ್ತರ: ನಿಮ್ಮ ಅತ್ತೆ ಸರಿ. ಭಾವನವರ ವಾದ ಹೊಸದಲ್ಲ. ನೂರಕ್ಕೂ ಹೆಚ್ಚು ವರ್ಷಗಳಿಂದ ಅಮೆರಿಕದಲ್ಲೇ ಅದನ್ನು ಮತ್ತೆ ಮತ್ತೆ ಎತ್ತಿದ್ದಾರೆ. ಪ್ರತಿ ಸಲವೂ ಅದು ಸೋತಿದೆ. ಮಗನ ವಿಷಯದಲ್ಲಿ ಮಾತ್ರ ಉತ್ತರ ಬೇಸರ ತರುವಂಥದ್ದು: ಆಗುವುದಿಲ್ಲ. ಒಂದೇ ಮನೆಯ ಎರಡು ಮಕ್ಕಳಿಗೆ ಹೀಗೆ ಎರಡು ನ್ಯಾಯ ಯಾಕೆ ಅಂತ ನೋಡೋಣ.

ಅಮೆರಿಕದ ಸಂವಿಧಾನದ ಎರಡನೇ ವಿಧಿ ಅಧ್ಯಕ್ಷರಾಗುವವರಿಗೆ ಮೂರೇ ಷರತ್ತು ಹಾಕುತ್ತದೆ. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು. 35 ವರ್ಷ ತುಂಬಿರಬೇಕು. 14 ವರ್ಷ ಅಮೆರಿಕದಲ್ಲಿ ವಾಸವಿದ್ದಿರಬೇಕು. ಓದು, ಆಸ್ತಿ, ಧರ್ಮ, ಜಾತಿ ಯಾವುದರ ಮಾತೂ ಅಲ್ಲಿಲ್ಲ. ಅಪ್ಪ ಅಮ್ಮನ ಮಾತೂ ಇಲ್ಲ. ಆದರೆ ‘ಹುಟ್ಟು ಪ್ರಜೆ’ ಅಂದರೆ ಯಾರು ಎಂದು ಸಂವಿಧಾನ ಬಿಡಿಸಿ ಹೇಳಿಲ್ಲ. ಜಗಳವೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಈ ಷರತ್ತು ಬಂದ ಕತೆ ಚಿಕ್ಕದು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಮುಚ್ಚಿದ ಬಾಗಿಲ ಹಿಂದೆ ಸಂವಿಧಾನ ಬರೆಯುತ್ತಿದ್ದರು. ಒಳಗೆ ಏನು ನಡೆಯುತ್ತಿದೆ ಎಂದು ಯಾರಿಗೂ ಗೊತ್ತಿಲ್ಲ. ಸಹಜವಾಗಿ ಗಾಳಿಸುದ್ದಿ ಎದ್ದಿತು. ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ನ ಎರಡನೇ ಮಗನನ್ನು ಕರೆತಂದು ರಾಜನನ್ನಾಗಿ ಮಾಡುತ್ತಾರಂತೆ ಎನ್ನುವುದು ಅದರಲ್ಲೊಂದು. ಆ ಜುಲೈ 25ರಂದು, ವಿದೇಶಾಂಗ ವ್ಯವಹಾರ ನೋಡಿಕೊಳ್ಳುತ್ತಿದ್ದ ಜಾನ್ ಜೇ, ಸಭೆಯ ಅಧ್ಯಕ್ಷತೆ ವಹಿಸಿದ್ದ ಜಾರ್ಜ್ ವಾಷಿಂಗ್ಟನ್‌ಗೆ ಒಂದು ಪತ್ರ ಬರೆದರು. ಸೇನೆಯ ಮಹಾದಂಡನಾಯಕನ ಸ್ಥಾನ ಹುಟ್ಟು ಪ್ರಜೆಗಲ್ಲದೆ ಬೇರೆಯವರಿಗೆ ಹೋಗದಂತೆ ನೋಡಿಕೊಳ್ಳಿ ಎಂಬುದು ಅದರ ಸಾರ. ಸೆಪ್ಟೆಂಬರ್‌ನಲ್ಲಿ ಈ ಷರತ್ತು ಕರಡಿನೊಳಗೆ ಸೇರಿತು. ಅದರ ಮೇಲೆ ಚರ್ಚೆಯಾದ ದಾಖಲೆಯೇ ಇಲ್ಲ. ಅಂದರೆ ಅವರ ಭಯ ಯುರೋಪಿನ ರಾಜಕುಮಾರರದು. ವೀಸಾದಲ್ಲಿ ಬಂದು ದುಡಿಯುವವರ ಮಕ್ಕಳ ಕುರಿತು ಅವರು ಯೋಚಿಸಿರಲೇ ಇಲ್ಲ. ಆ ಕಾಲದಲ್ಲಿ ವೀಸಾ ಎಂಬುದೇ ಇರಲಿಲ್ಲ ಬಿಡಿ.

ಇನ್ನೊಂದು ತಮಾಷೆಯೂ ಇದೆ. ವಾಷಿಂಗ್ಟನ್‌ರಿಂದ ಆಂಡ್ರೂ ಜಾಕ್ಸನ್‌ವರೆಗೆ ಮೊದಲ ಏಳು ಅಧ್ಯಕ್ಷರೂ ಹುಟ್ಟಿದ್ದು ಬ್ರಿಟಿಷ್ ದೊರೆಯ ಪ್ರಜೆಗಳಾಗಿ. ಹಾಗಾಗಿ ‘ಸಂವಿಧಾನ ಜಾರಿಯಾಗುವ ಹೊತ್ತಿಗೆ ಪ್ರಜೆಗಳಾಗಿದ್ದವರೂ ಆಗಬಹುದು’ ಎಂದು ತಮಗೋಸ್ಕರ ಒಂದು ಕಿಟಕಿ ಇಟ್ಟುಕೊಂಡರು. ಸ್ವಾತಂತ್ರ್ಯ ಘೋಷಣೆಯ ನಂತರ ಹುಟ್ಟಿ ಅಧ್ಯಕ್ಷರಾದ ಮೊದಲಿಗರು ಎಂಟನೆಯವರಾದ ಮಾರ್ಟಿನ್ ವ್ಯಾನ್ ಬ್ಯೂರನ್, 1782ರವರು.

ಈಗ ಭಾವನವರ ವಾದಕ್ಕೆ ಬರೋಣ. ತಂದೆ ತಾಯಿ ಪ್ರಜೆಗಳಾಗಿರಬೇಕು ಎನ್ನುವವರು ಸಾಮಾನ್ಯವಾಗಿ ವಾಟೆಲ್ ಎಂಬ 18ನೇ ಶತಮಾನದ ಸ್ವಿಸ್ ಪಂಡಿತನನ್ನು ಎತ್ತಿಕೊಳ್ಳುತ್ತಾರೆ. ಪ್ರಜೆಗಳಿಗೆ ಹುಟ್ಟಿದವರೇ ಪ್ರಜೆಗಳು ಎಂಬ ಮಾತು ಅವನ ಗ್ರಂಥದಲ್ಲಿದೆ ನಿಜ. ಆದರೆ ಅಮೆರಿಕದ ಕಾನೂನು ಬೆಳೆದದ್ದು ಇಂಗ್ಲೆಂಡಿನ ಪದ್ಧತಿಯ ಮೇಲೆ. ದೊರೆಯ ನೆಲದಲ್ಲಿ ಹುಟ್ಟಿದವನು ದೊರೆಯ ಪ್ರಜೆ, ಅಪ್ಪ ಎಲ್ಲಿಯವನಾದರೂ ಸರಿ. ಇದು ಅಲ್ಲಿನ ಹಳೆಯ ನಿಯಮ. ಅಮೆರಿಕ ದೊರೆಯನ್ನು ಬಿಟ್ಟಿತು, ನಿಯಮವನ್ನು ಇಟ್ಟುಕೊಂಡಿತು.

ಒಂದು ದೊಡ್ಡ ಅಪವಾದ ಮಾತ್ರ ಇತ್ತು. ಗುಲಾಮರು, ಅವರ ಸಂತಾನ. 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಫ್ರಿಕಾ ಮೂಲದವರು ಅಲ್ಲೇ ಹುಟ್ಟಿ ಬೆಳೆದರೂ, ಸ್ವತಂತ್ರರಾಗಿದ್ದರೂ ಪ್ರಜೆಗಳಾಗಲಾರರು ಎಂದಿತು. ಆ ಕೋರ್ಟಿನ ಚರಿತ್ರೆಯಲ್ಲೇ ಅತಿ ಕೆಟ್ಟ ತೀರ್ಪು ಇದು ಎನ್ನುವುದರಲ್ಲಿ ಬಲಪಂಥ ಎಡಪಂಥ ಇಬ್ಬರಿಗೂ ಒಮ್ಮತವಿದೆ. ಅಂತರ್ಯುದ್ಧ ಮುಗಿದ ಮೇಲೆ, 1868ರ ಜುಲೈನಲ್ಲಿ, 14ನೇ ತಿದ್ದುಪಡಿ ಬಂತು. ಅಮೆರಿಕದಲ್ಲಿ ಹುಟ್ಟಿದ, ಅಲ್ಲಿನ ಕಾನೂನಿನ ಅಧಿಕಾರಕ್ಕೆ ಒಳಪಟ್ಟ ಎಲ್ಲರೂ ಪ್ರಜೆಗಳು ಎಂದು ಅದರ ಮೊದಲ ವಾಕ್ಯವೇ ಹೇಳುತ್ತದೆ. ಅದರ ಉದ್ದೇಶ ಡ್ರೆಡ್ ಸ್ಕಾಟ್ ತೀರ್ಪನ್ನು ಅಳಿಸುವುದು. ಆದರೆ ವಾಕ್ಯ ಬರೆದದ್ದು ಎಲ್ಲರಿಗೂ ಅನ್ವಯಿಸುವ ಹಾಗೆ.

‘ಕಾನೂನಿನ ಅಧಿಕಾರಕ್ಕೆ ಒಳಪಟ್ಟ’ ಎಂಬ ತುಣುಕು ಯಾರನ್ನು ಹೊರಗಿಡುತ್ತದೆ? ಮುಖ್ಯವಾಗಿ ವಿದೇಶಿ ರಾಯಭಾರಿಗಳ ಮಕ್ಕಳನ್ನು. ವಾಷಿಂಗ್ಟನ್‌ನಲ್ಲಿರುವ ಭಾರತದ ರಾಯಭಾರಿಗೆ ಅಲ್ಲೇ ಮಗು ಹುಟ್ಟಿದರೆ ಅದು ಅಮೆರಿಕದ ಪ್ರಜೆಯಲ್ಲ. ಆ ರಾಯಭಾರಿಯ ಮೇಲೆ ಅಲ್ಲಿನ ಪೊಲೀಸರು ಕೇಸು ಹಾಕುವ ಹಾಗಿಲ್ಲವಲ್ಲ, ಅದಕ್ಕೆ. ಅಲ್ಲಿನ ಮೂಲನಿವಾಸಿಗಳನ್ನೂ 1884ರ ಒಂದು ತೀರ್ಪು ಹೊರಗಿಟ್ಟಿತ್ತು. ಅದೇ ನೆಲದ ಮಕ್ಕಳು! 1924ರ ಕಾಯ್ದೆ ಬರುವವರೆಗೆ ಅವರು ಕಾಯಬೇಕಾಯಿತು. ನಿಮ್ಮ ಯಜಮಾನರು ರಾಯಭಾರಿಯಲ್ಲ. ಎಡಿಸನ್‌ನಲ್ಲಿ ಸಿಗ್ನಲ್ ಜಂಪ್ ಮಾಡಿದ್ದರೆ ದಂಡ ಕಟ್ಟಲೇಬೇಕಿತ್ತು, ತೆರಿಗೆಯನ್ನಂತೂ ಕಟ್ಟಿಯೇ ಇರುತ್ತಾರೆ. ಅಷ್ಟಾದರೆ ಆ ಅಧಿಕಾರಕ್ಕೆ ಒಳಪಟ್ಟ ಹಾಗೆಯೇ.

ಇದನ್ನು ಗಟ್ಟಿ ಮಾಡಿದ್ದು ಒಬ್ಬ ಅಡುಗೆಯವನ ಕೇಸು. ವಾಂಗ್ ಕಿಮ್ ಆರ್ಕ್ ಹುಟ್ಟಿದ್ದು 1873ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಪ್ಪ ಅಮ್ಮ ಚೀನಾದವರು. ಅವರು ಬೇಕೆಂದರೂ ಅಮೆರಿಕದ ಪ್ರಜೆಗಳಾಗುವಂತಿರಲಿಲ್ಲ, ಅಂದಿನ ಕಾನೂನು ಏಷ್ಯಾದವರಿಗೆ ಆ ಬಾಗಿಲನ್ನೇ ಮುಚ್ಚಿತ್ತು. ಸ್ವಲ್ಪ ಕಾಲದ ನಂತರ ಅವರು ಚೀನಾಕ್ಕೆ ವಾಪಸ್ ಹೋದರು. ಮಗ ಒಮ್ಮೆ ಊರಿಗೆ ಹೋಗಿ 1895ರ ಆಗಸ್ಟ್‌ನಲ್ಲಿ ಮರಳಿದಾಗ ಬಂದರಿನಲ್ಲೇ ತಡೆದರು. ‘ನೀನು ಚೀನೀಯ, ನಮ್ಮ ಪ್ರಜೆಯಲ್ಲ’ ಎಂದು ತಿಂಗಳುಗಟ್ಟಲೆ ಹಡಗುಗಳಲ್ಲೇ ಇಟ್ಟರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1898ರ ಮಾರ್ಚ್ 28ರಂದು 6–2ರ ಬಹುಮತದಲ್ಲಿ ಅವನು ಗೆದ್ದ. ಅಲ್ಲಿ ಹುಟ್ಟಿದ್ದಾನೆ, ಆದ್ದರಿಂದ ಪ್ರಜೆ. ಅಪ್ಪ ಅಮ್ಮ ಯಾರ ಪ್ರಜೆಗಳು ಎಂಬುದು ಬೇಡದ ಮಾತು. ನ್ಯಾಯಮೂರ್ತಿ ಹೊರೇಸ್ ಗ್ರೇ ಬರೆದ ಆ ಉದ್ದನೆಯ ತೀರ್ಪಿನ ತಿರುಳು ಇದು.

ನಮ್ಮವರಿಗೂ ಈ ತೀರ್ಪು ಎಷ್ಟು ಆಸರೆಯಾಗಿತ್ತು ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಪ್ರಕರಣದಲ್ಲಿ, ಭಾರತೀಯರು ‘ಬಿಳಿಯರಲ್ಲ’, ಹಾಗಾಗಿ ಅರ್ಜಿ ಹಾಕಿ ಪ್ರಜೆಗಳಾಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 1946ರವರೆಗೆ ಅದೇ ಸ್ಥಿತಿ. ಆ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ತೋಟಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳು ಪರದೇಶಿಗಳಾಗೇ ಉಳಿದರು. ಅಲ್ಲೇ ಹುಟ್ಟಿದ ಅವರ ಮಕ್ಕಳು ಮಾತ್ರ ವಾಂಗ್‌ನ ಕೃಪೆಯಿಂದ ಪೂರ್ತಿ ಪ್ರಜೆಗಳಾಗಿದ್ದರು.

ನಿಮ್ಮ ಪ್ರಶ್ನೆಗೆ ನೇರ ಸಂಬಂಧವಿರುವ ಭಾಗ ಆ ತೀರ್ಪಿನ ಒಳಗಲ್ಲ, ಅದಕ್ಕೆ ಒಪ್ಪದ ನ್ಯಾಯಮೂರ್ತಿಗಳ ಬರಹದಲ್ಲಿದೆ. ಮುಖ್ಯ ನ್ಯಾಯಮೂರ್ತಿ ಮೆಲ್ವಿಲ್ ಫುಲ್ಲರ್ ಬಹುಮತಕ್ಕೆ ಒಪ್ಪಲಿಲ್ಲ. ಅವರ ತಕರಾರು ಏನು ಗೊತ್ತೇ? ಹೀಗೆ ತೀರ್ಪು ಕೊಟ್ಟರೆ, ದೇಶದಲ್ಲಿ ಹಾದುಹೋಗುತ್ತಿದ್ದ ಪರದೇಶಿಗಳಿಗೆ ಅಲ್ಲಿ ಹುಟ್ಟಿಬಿಟ್ಟ ಮಗುವೂ, ಅದು ಯಾವ ಜನಾಂಗದ್ದೇ ಆಗಲಿ, ಅಮೆರಿಕದ ಅಧ್ಯಕ್ಷನಾಗಲು ಅರ್ಹವಾಗುತ್ತದೆ, ಹೊರದೇಶದಲ್ಲಿ ಹುಟ್ಟಿದ ನಮ್ಮದೇ ಪ್ರಜೆಗಳ ಮಗು ಅರ್ಹವಾಗುವುದಿಲ್ಲ, ಇದು ಸರಿಯೇ ಎಂದು ಕೇಳಿದರು. ಬಹುಮತದವರಿಗೆ ದಿಗಿಲು ಹುಟ್ಟಿಸಲು ಹೇಳಿದ ಮಾತು ಅದು. ಅವರು ಹೆದರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿವಾದದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ. ತೀರ್ಪಿನ ಅರ್ಥ ಎಲ್ಲಿಗೆ ಮುಟ್ಟುತ್ತದೆ ಎಂಬುದು 1898ರಲ್ಲೇ, ಅದೇ ಕೋರ್ಟಿನೊಳಗೆ, ಎರಡೂ ಕಡೆಯವರಿಗೆ ಗೊತ್ತಿತ್ತು.

ಫುಲ್ಲರ್ ಊಹಿಸಿದ ಮಗು ಕೊನೆಗೂ ಬಂತು. 1964ರ ಅಕ್ಟೋಬರ್ 20ರಂದು ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ತಾಯಿ ಶ್ಯಾಮಲಾ ಗೋಪಾಲನ್ ಓದಲೆಂದು ಭಾರತದಿಂದ ಹೋದವರು, ತಂದೆ ಡೊನಾಲ್ಡ್ ಹ್ಯಾರಿಸ್ ಜಮೈಕಾದವರು. ಮಗಳು ಹುಟ್ಟಿದಾಗ ಇಬ್ಬರೂ ಅಮೆರಿಕದ ಪ್ರಜೆಗಳಲ್ಲ. ಆ ಮಗಳು ಕಮಲಾ ಹ್ಯಾರಿಸ್ 2021ರಲ್ಲಿ ಉಪಾಧ್ಯಕ್ಷೆಯಾದರು. 12ನೇ ತಿದ್ದುಪಡಿಯ ಪ್ರಕಾರ ಅಧ್ಯಕ್ಷರಾಗಲು ಅರ್ಹತೆ ಇಲ್ಲದವರು ಉಪಾಧ್ಯಕ್ಷರೂ ಆಗುವಂತಿಲ್ಲ. 2024ರಲ್ಲಿ ಅವರು ಅಧ್ಯಕ್ಷ ಸ್ಥಾನಕ್ಕೇ ನಿಂತರು. 2020ರಲ್ಲಿ ಒಬ್ಬ ಕಾನೂನು ಪ್ರಾಧ್ಯಾಪಕರು ನಿಮ್ಮ ಭಾವನವರ ವಾದವನ್ನೇ ಪತ್ರಿಕೆಯಲ್ಲಿ ಬರೆದು ಸುದ್ದಿಯಾದರು. ಎಲ್ಲಾ 50 ರಾಜ್ಯಗಳ ಮತಪತ್ರದಲ್ಲೂ ಹ್ಯಾರಿಸ್ ಹೆಸರು ಇತ್ತು. ಸೋತದ್ದು ಮತದಲ್ಲಿ, ಅರ್ಹತೆಯಲ್ಲಲ್ಲ. ಹಾಗೆ ನೋಡಿದರೆ ಬಾಬಿ ಜಿಂದಾಲ್, ನಿಕ್ಕಿ ಹೇಲಿ, ವಿವೇಕ್ ರಾಮಸ್ವಾಮಿ ಎಲ್ಲರದೂ ವಲಸೆ ಬಂದ ಭಾರತೀಯರ ಮನೆಗಳೇ. ಜಿಂದಾಲ್ ಅವರ ತಂದೆ ತಾಯಿ ಅಮೆರಿಕ ಮುಟ್ಟಿದ ಕೆಲವೇ ತಿಂಗಳಿಗೆ, 1971ರಲ್ಲಿ, ಅವರು ಹುಟ್ಟಿದ್ದು. ಮೂವರೂ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನದ ಟಿಕೆಟ್‌ಗೆ ಸ್ಪರ್ಧಿಸಿದವರು.

ಹಳೆಯ ಉದಾಹರಣೆ ಬೇಕೆಂದರೆ ಚೆಸ್ಟರ್ ಆರ್ಥರ್ ಇದ್ದಾರೆ. 1881ರಲ್ಲಿ ಅಧ್ಯಕ್ಷರಾದವರು. ಅವರು ವರ್ಮಾಂಟ್‌ನಲ್ಲಿ ಹುಟ್ಟಿದ್ದು 1829ರಲ್ಲಿ, ಐರ್ಲೆಂಡಿನಿಂದ ಬಂದ ತಂದೆ ಪ್ರಜೆಯಾಗಿದ್ದು 1843ರಲ್ಲಿ. ಇವರು ಹುಟ್ಟಿದ್ದೇ ಕೆನಡಾದಲ್ಲಿ ಅಂತ ವಿರೋಧಿಗಳು ಪುಕಾರು ಎಬ್ಬಿಸಿದ್ದರು. ಒಬಾಮ ಕಾಲದ ನಾಟಕಕ್ಕೆ ಅದೇ ಮೊದಲ ಪ್ರತಿ ಎನ್ನಬಹುದು. ಒಬಾಮ ಹವಾಯಿಯ ಹೊನಲುಲುವಿನಲ್ಲಿ 1961ರ ಆಗಸ್ಟ್ 4ರಂದು ಹುಟ್ಟಿದವರು. ಆದರೂ ‘ಕೀನ್ಯಾದಲ್ಲಿ ಹುಟ್ಟಿದ್ದು’ ಎಂಬ ಸುಳ್ಳನ್ನು ವರ್ಷಗಟ್ಟಲೆ ಹಬ್ಬಿಸಿದರು. ಅದಕ್ಕೆ ಜೋರಾಗಿ ಗಾಳಿ ಹಾಕಿದವರಲ್ಲಿ ಡೊನಾಲ್ಡ್ ಟ್ರಂಪ್ ಒಬ್ಬರು. 2011ರ ಏಪ್ರಿಲ್‌ನಲ್ಲಿ ಶ್ವೇತಭವನ ಪೂರ್ತಿ ಜನನ ಪತ್ರವನ್ನೇ ಬಿಡುಗಡೆ ಮಾಡಬೇಕಾಯಿತು.

ಪ್ರಾಮಾಣಿಕವಾಗಿ ಒಂದು ಮಾತು ಹೇಳಿಬಿಡುತ್ತೇನೆ, ಭಾವನವರು ಇದನ್ನೇ ಹಿಡಿದುಕೊಳ್ಳಬಹುದು. ‘ಇಂಥವರು ಅಧ್ಯಕ್ಷರಾಗಬಹುದು, ಇಂಥವರು ಆಗುವಂತಿಲ್ಲ’ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಒಬ್ಬ ಅಭ್ಯರ್ಥಿಯ ಕೇಸಿನಲ್ಲಿ ನೇರವಾಗಿ ತೀರ್ಪು ಕೊಟ್ಟಿದ್ದೇ ಇಲ್ಲ. ಬಂದ ಕೇಸುಗಳಲ್ಲಿ ಹೆಚ್ಚಿನವನ್ನು ‘ಇದರಿಂದ ನಿಮಗೇನು ನಷ್ಟ, ಕೇಳಲು ನೀವು ಯಾರು’ ಎಂದು ಕೋರ್ಟುಗಳು ಬಾಗಿಲಲ್ಲೇ ಕಳಿಸಿವೆ. ಆದರೆ ಕೆಳಗಿನ ಕೋರ್ಟುಗಳು ಮಾತಾಡಿವೆ. 2009ರಲ್ಲಿ ಇಂಡಿಯಾನಾದ ಮೇಲ್ಮನವಿ ನ್ಯಾಯಾಲಯ, ವಾಂಗ್ ತೀರ್ಪನ್ನೇ ಆಧಾರವಾಗಿಟ್ಟು, ಅಮೆರಿಕದ ನೆಲದಲ್ಲಿ ಹುಟ್ಟಿದವರು ಅಪ್ಪ ಅಮ್ಮನ ಪೌರತ್ವ ಏನೇ ಇರಲಿ ಹುಟ್ಟು ಪ್ರಜೆಗಳೇ ಎಂದು ಸ್ಪಷ್ಟವಾಗಿ ಹೇಳಿತು. ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಸಂಶೋಧನಾ ವಿಭಾಗ 2011ರಲ್ಲಿ ತಯಾರಿಸಿದ ವರದಿಯ ಅಭಿಪ್ರಾಯವೂ ಇದೇ. ಈಗಿನ ಕಾನೂನು ತಜ್ಞರಲ್ಲಿ ದೊಡ್ಡ ಗುಂಪು ಈ ಕಡೆಗಿದೆ.

ನಿಜವಾಗಿ ಅನುಮಾನ ಇರುವುದು ಹೊರದೇಶದಲ್ಲಿ ಅಮೆರಿಕನ್ನರಿಗೆ ಹುಟ್ಟಿದ ಮಕ್ಕಳ ವಿಷಯದಲ್ಲಿ. ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಮೆಕೇನ್ 1936ರಲ್ಲಿ, ಆಗ ಅಮೆರಿಕದ ವಶದಲ್ಲಿದ್ದ ಪನಾಮಾ ಕಾಲುವೆ ವಲಯದಲ್ಲಿ ಹುಟ್ಟಿದವರು. ಅವರು ಅರ್ಹರು ಎಂದು 2008ರಲ್ಲಿ ಸೆನೆಟ್ ಒಂದು ನಿರ್ಣಯವನ್ನೇ ಪಾಸು ಮಾಡಿತು. 2016ರಲ್ಲಿ ರಿಪಬ್ಲಿಕನ್ ಟಿಕೆಟ್‌ಗೆ ಸ್ಪರ್ಧಿಸಿದ ಟೆಡ್ ಕ್ರೂಜ್ ಹುಟ್ಟಿದ್ದು ಕೆನಡಾದ ಕ್ಯಾಲ್ಗರಿಯಲ್ಲಿ, ತಾಯಿ ಅಮೆರಿಕದವರು. ಅವರೂ ಅರ್ಹರು ಎಂಬುದೇ ಹೆಚ್ಚಿನ ತಜ್ಞರ ಮಾತು, ನನ್ನದೂ ಅದೇ. ಆದರೆ ಒಪ್ಪದವರ ವಾದವೂ ತಳ್ಳಿಹಾಕುವಂಥದ್ದಲ್ಲ. ನಿಮ್ಮ ಮಗಳಿಗೆ ಈ ತಲೆನೋವಿಲ್ಲ. ಎಡಿಸನ್ ನ್ಯೂಜೆರ್ಸಿಯಲ್ಲಿದೆ, ಅಷ್ಟು ಸಾಕು.

ಇನ್ನು ಟ್ರಂಪ್ ಆದೇಶ. 2025ರ ಜನವರಿ 20ರಂದು, ಅಧಿಕಾರ ವಹಿಸಿಕೊಂಡ ದಿನವೇ, ಅವರು ಸಹಿ ಹಾಕಿದರು. ತಾಯಿ ಅಮೆರಿಕದಲ್ಲಿ ದಾಖಲೆ ಇಲ್ಲದೆ ಇದ್ದರೆ, ಅಥವಾ ಕಾನೂನುಬದ್ಧವಾಗಿಯೇ ಆದರೂ ತಾತ್ಕಾಲಿಕ ವೀಸಾದಲ್ಲಿದ್ದರೆ, ಮತ್ತು ತಂದೆ ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ ಅಲ್ಲದಿದ್ದರೆ, ಅಂಥ ಮಗುವಿಗೆ ಪೌರತ್ವ ಇಲ್ಲ ಎನ್ನುತ್ತದೆ ಆದೇಶ. ಎಚ್‌1ಬಿ, ಎಚ್‌4, ವಿದ್ಯಾರ್ಥಿ ವೀಸಾ ಎಲ್ಲವೂ ಇದರಡಿ ಬರುತ್ತವೆ. ನಿಮ್ಮದೇ ಪರಿಸ್ಥಿತಿ. ಅದಕ್ಕೇ ಭಾವನವರು ಗಾಬರಿಯಾಗಿರಬೇಕು. ಆದರೆ ಆದೇಶವನ್ನು ಕೊನೆವರೆಗೆ ಓದಬೇಕು. ಸಹಿಯಾದ 30 ದಿನಗಳ ನಂತರ ಹುಟ್ಟುವ ಮಕ್ಕಳಿಗಷ್ಟೇ ಅದು ಅನ್ವಯ. 2016ರಲ್ಲಿ ಹುಟ್ಟಿದ ಮಗು ಅದರ ಹೊರಗೆ.

ಆ ಆದೇಶಕ್ಕೂ ಕೋರ್ಟುಗಳಲ್ಲಿ ಸುಖ ಸಿಗಲಿಲ್ಲ. ಮೂರೇ ದಿನಕ್ಕೆ ಸಿಯಾಟಲ್‌ನ ನ್ಯಾಯಾಧೀಶ ಜಾನ್ ಕಾಫನೋರ್, ಇದು ಸಂವಿಧಾನಕ್ಕೆ ರಾಜಾರೋಷವಾಗಿ ವಿರುದ್ಧ ಎಂದು ತಡೆ ಕೊಟ್ಟರು. ಅವರನ್ನು ನೇಮಿಸಿದ್ದು ರಿಪಬ್ಲಿಕನ್ ಅಧ್ಯಕ್ಷ ರೇಗನ್. ಜೂನ್ 27ರಂದು ಸುಪ್ರೀಂ ಕೋರ್ಟ್ 6–3ರಲ್ಲಿ ಒಂದು ತೀರ್ಪು ಕೊಟ್ಟಾಗ ನಮ್ಮ ಹಲವು ಟಿವಿ ಚಾನೆಲ್‌ಗಳು ‘ಟ್ರಂಪ್‌ಗೆ ಗೆಲುವು, ಜನ್ಮಸಿದ್ಧ ಪೌರತ್ವ ರದ್ದು’ ಎಂಬ ಧಾಟಿಯಲ್ಲಿ ಕಿರುಚಿದವು. ಆ ತೀರ್ಪು ಪೌರತ್ವದ ಬಗ್ಗೆ ಅಲ್ಲವೇ ಅಲ್ಲ. ಒಬ್ಬ ಜಿಲ್ಲಾ ನ್ಯಾಯಾಧೀಶರು ಇಡೀ ದೇಶಕ್ಕೆ ಅನ್ವಯವಾಗುವ ತಡೆ ಕೊಡಬಹುದೇ ಎಂಬುದಷ್ಟೇ ಅಲ್ಲಿನ ವಿಷಯ. ಎರಡು ವಾರದೊಳಗೆ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಯಾಧೀಶರೊಬ್ಬರು ಅಂಥ ಮಕ್ಕಳನ್ನೆಲ್ಲ ಒಂದೇ ಗುಂಪಾಗಿ ಪರಿಗಣಿಸಿ ಮತ್ತೆ ತಡೆ ಕೊಟ್ಟರು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪೌರತ್ವದ ಪ್ರಶ್ನೆಯನ್ನೇ ನೇರವಾಗಿ ವಿಚಾರಣೆಗೆ ತೆಗೆದುಕೊಂಡಿತು.

ಸರ್ಕಾರದ ವಾದ ನಿಂತಿರುವುದು ಒಂದು ಎಳೆಯ ಮೇಲೆ. ವಾಂಗ್‌ನ ತಂದೆ ತಾಯಿ ಅಮೆರಿಕದಲ್ಲಿ ಕಾಯಂ ವಾಸವಿದ್ದವರು ಎಂಬ ಮಾತು ಆ ತೀರ್ಪಿನಲ್ಲಿದೆ. ತಾತ್ಕಾಲಿಕ ವೀಸಾದವರು ಹಾಗಲ್ಲವಲ್ಲ ಎನ್ನುತ್ತಾರೆ. ನನಗೆ ಇದು ಬಲವಾದ ವಾದ ಅನಿಸುವುದಿಲ್ಲ. ಆ ತೀರ್ಪು ನಿಂತಿರುವುದು ಇಂಗ್ಲೆಂಡಿನ ಹಳೆಯ ನಿಯಮದ ಮೇಲೆ, ಅಲ್ಲಿ ತಾತ್ಕಾಲಿಕ, ಕಾಯಂ ಎಂಬ ಭೇದವೇ ಇಲ್ಲ. ಮೇಲಾಗಿ ಗ್ರೀನ್ ಕಾರ್ಡ್ ಸಾಲಿನಲ್ಲಿ ದಶಕಗಟ್ಟಲೆ ನಿಂತ ಎಚ್‌1ಬಿ ಕನ್ನಡಿಗರನ್ನು ‘ತಾತ್ಕಾಲಿಕ’ ಎಂದು ಕರೆಯುವುದೇ ಒಂದು ಜೋಕು. ಆದರೆ ಇಂಥ ತರ್ಕ ಒಮ್ಮೆ ಒಪ್ಪಿಗೆಯಾದರೆ ಹಿಂದಕ್ಕೂ ಹರಿಯಬಹುದು ಎಂದು ವಿರೋಧಿಸುವ ವಕೀಲರು ಹೇಳುವುದರಲ್ಲಿ ಅರ್ಥವಿದೆ. ಹಾಗಾಗಿ ಈ ಪ್ರಕರಣದ ಸುದ್ದಿಯ ಮೇಲೆ ಕಣ್ಣಿಟ್ಟಿರಿ. ನಿದ್ದೆಗೆಡುವುದು ಬೇಡ.

ಮೈಸೂರಿನಲ್ಲಿ ಬೆಳೆದರೆ ಹಕ್ಕು ಹೋಗುತ್ತದಾ ಎಂದು ಕೇಳಿದ್ದೀರಿ. ಹೋಗುವುದಿಲ್ಲ. ಇದಕ್ಕೆ ಮೇರಿ ಎಲ್ಗ್ ಎಂಬ ಹೆಣ್ಣುಮಗಳ ಕೇಸು ಓದಲು ಚೆನ್ನಾಗಿದೆ. ಅವಳು 1907ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹುಟ್ಟಿದಳು. ಅಪ್ಪ ಅಮ್ಮ ಸ್ವೀಡನ್ನಿನವರು. ನಾಲ್ಕನೇ ವಯಸ್ಸಿಗೆ, ಹೆಚ್ಚುಕಮ್ಮಿ ನಿಮ್ಮ ಮಗಳ ಹಾಗೇ, ಅಮ್ಮನ ಜೊತೆ ಸ್ವೀಡನ್‌ಗೆ ಹೋದಳು. ಅಲ್ಲೇ ಬೆಳೆದಳು. 1929ರಲ್ಲಿ, 21 ತುಂಬಿದ ಮೇಲೆ, ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿಕೊಂಡು ವಾಪಸ್ ಬಂದಳು. ಕೆಲವು ವರ್ಷ ಕಳೆದ ಮೇಲೆ ಸರ್ಕಾರ, ‘ನಿನ್ನಪ್ಪ ಮತ್ತೆ ಸ್ವೀಡನ್ ಪ್ರಜೆಯಾದ, ಆಗಲೇ ನಿನ್ನ ಪೌರತ್ವವೂ ಹೋಯಿತು, ಜಾಗ ಖಾಲಿ ಮಾಡು’ ಎಂದಿತು. 1939ರಲ್ಲಿ ಸುಪ್ರೀಂ ಕೋರ್ಟ್ ಅವಳ ಪರ ನಿಂತಿತು. ಹುಟ್ಟಿನಿಂದ ಬಂದ ಪೌರತ್ವವನ್ನು ಅಪ್ಪ ಅಮ್ಮ ಮಗುವಿನ ಪರವಾಗಿ ಬಿಟ್ಟುಕೊಡಲು ಬರುವುದಿಲ್ಲ ಎಂದಿತು.

ಆ ತೀರ್ಪಿನಲ್ಲಿ 1875ರ ಒಂದು ಹಳೆಯ ಸರ್ಕಾರಿ ಅಭಿಪ್ರಾಯವನ್ನು ಮೆಚ್ಚುಗೆಯಿಂದ ಉದ್ಧರಿಸಿದ್ದಾರೆ. ಸೇಂಟ್ ಲೂಯಿಸ್‌ನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಂದೆಯೊಂದಿಗೆ ಜರ್ಮನಿಗೆ ಹೋದ ಸ್ಟೈನ್‌ಕೌಲರ್ ಎಂಬ ಹುಡುಗನ ಬಗ್ಗೆ ಅಂದಿನ ಅಟಾರ್ನಿ ಜನರಲ್ ಬರೆದದ್ದು. ಹುಡುಗ 21ಕ್ಕೆ ಅಮೆರಿಕಕ್ಕೆ ಮರಳಬಹುದು, ಜನ ಆರಿಸಿದರೆ ಕಾಲಕ್ರಮದಲ್ಲಿ ಅಧ್ಯಕ್ಷನೂ ಆಗಬಹುದು ಎಂದು ಅದರಲ್ಲಿದೆ. ಹೊರಗೆ ಬೆಳೆದ ಮಗುವೂ ಅಧ್ಯಕ್ಷನಾಗಬಹುದು ಎಂಬ ಮಾತು ಸುಪ್ರೀಂ ಕೋರ್ಟ್ ತೀರ್ಪಿನೊಳಗೇ ಇದೆ, ನೋಡಿ. ಈ ಎರಡೂ ಕೇಸುಗಳಲ್ಲಿ ಮಗು ಹುಟ್ಟುವ ಮೊದಲೇ ಅಪ್ಪ ಅಮೆರಿಕದ ಪ್ರಜೆಯಾಗಿದ್ದ ಎಂದು ಭಾವ ಎತ್ತಿ ತೋರಿಸಬಹುದು, ಅದು ನಿಜ. ಹಾಗಾಗಿ ವಾಂಗ್ ಮತ್ತು ಎಲ್ಗ್ ಎರಡನ್ನೂ ಜೋಡಿಸಿ ಓದಬೇಕು. ಪೌರತ್ವ ಬಂದದ್ದು ವಾಂಗ್‌ನಿಂದ, ಅದು ಉಳಿದದ್ದು ಎಲ್ಗ್‌ನಿಂದ.

ಎಲ್ಗ್ ತೀರ್ಪು ಬರೆದವರು ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್. ಇದೇ ಹ್ಯೂಸ್ 1916ರಲ್ಲಿ ರಿಪಬ್ಲಿಕನ್ ಅಭ್ಯರ್ಥಿಯಾಗಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಇವರು ಹುಟ್ಟಿದಾಗ ವೇಲ್ಸ್‌ನಿಂದ ಬಂದ ತಂದೆ ಇನ್ನೂ ಬ್ರಿಟಿಷ್ ಪ್ರಜೆ, ಹಾಗಾಗಿ ಇವರಿಗೆ ಅರ್ಹತೆ ಇಲ್ಲ ಎಂದು ಒಬ್ಬ ವಕೀಲರು ಆಗ ಲೇಖನವನ್ನೇ ಬರೆದಿದ್ದರು! ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹ್ಯೂಸ್ ವುಡ್ರೋ ವಿಲ್ಸನ್ ಎದುರು ಕೂದಲೆಳೆಯಲ್ಲಿ ಸೋತರು, ಅದೂ ಮತದಲ್ಲೇ.

ಹಾಗಾದರೆ ನಿಮ್ಮ ಮಗಳಿಗೆ ನಿಜವಾದ ಅಡ್ಡಿ ಯಾವುದು? ಆ 14 ವರ್ಷ. 2051ರಲ್ಲಿ ಅವಳಿಗೆ 35 ತುಂಬುತ್ತದೆ. ಅದರ ನಂತರದ ಮೊದಲ ಚುನಾವಣೆ 2052ರದು, ಪ್ರಮಾಣವಚನ 2053ರ ಜನವರಿಯಲ್ಲಿ. ಸತತ 14 ವರ್ಷ ಅಂತ ಲೆಕ್ಕ ಹಿಡಿದರೆ 2039ರ ಜನವರಿ ಹೊತ್ತಿಗೆ, ಅಂದರೆ ಡಿಗ್ರಿ ಮುಗಿಸಿದ ಕೂಡಲೇ, ಅವಳು ಅಲ್ಲಿ ನೆಲೆಸಿರಬೇಕು. ಸತತವಾಗೇ ಇರಬೇಕು ಎಂದು ಸಂವಿಧಾನ ಹೇಳಿಲ್ಲ. ಹರ್ಬರ್ಟ್ ಹೂವರ್ ಗಣಿ ಎಂಜಿನಿಯರ್ ಆಗಿ ವರ್ಷಗಟ್ಟಲೆ ಹೊರದೇಶಗಳಲ್ಲೇ ಇದ್ದವರು. 1928ರಲ್ಲಿ ಈ ತಕರಾರು ಎದ್ದಿತ್ತು, ಆದರೂ ಅಧ್ಯಕ್ಷರಾದರು. ಹಾಗಾಗಿ ಚಿಕ್ಕಂದಿನ ಆ ನಾಲ್ಕು ವರ್ಷವನ್ನೂ ಸೇರಿಸಿಕೊಳ್ಳಬಹುದು ಎಂದು ವಾದಿಸಲು ಜಾಗವಿದೆ. ನನ್ನನ್ನು ಕೇಳಿದರೆ ಅದನ್ನು ನೆಚ್ಚಿಕೊಳ್ಳುವುದು ಬೇಡ. ತಡವಾದರೂ ಏನಂತೆ, 2056 ಇದೆ, 2060 ಇದೆ!

ಮಗನ ವಿಷಯ. ಅವನು ಭಾರತದ ಪ್ರಜೆ. ಮುಂದೆ ಅಲ್ಲಿಗೆ ಹೋಗಿ, ಗ್ರೀನ್ ಕಾರ್ಡ್ ಸಿಕ್ಕಿ, ಪ್ರಮಾಣ ಮಾಡಿ ಪ್ರಜೆಯಾದರೆ ಓಟು ಹಾಕಬಹುದು, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾಗಬಹುದು, ಸಚಿವನಾಗಬಹುದು. ಪ್ರಜೆಯಾಗಿ ಏಳು ವರ್ಷಕ್ಕೆ ಕೆಳಮನೆಗೆ, ಒಂಬತ್ತು ವರ್ಷಕ್ಕೆ ಸೆನೆಟ್‌ಗೆ ನಿಲ್ಲಬಹುದು. ನಮ್ಮ ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಮಿಶಿಗನ್‌ನಿಂದ 2022ರಲ್ಲಿ ಆರಿಸಿ ಬಂದು ಕೆಳಮನೆ ಸೇರಿದರು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಈ ಎರಡು ಕುರ್ಚಿ ಅವರಿಗಿಲ್ಲ. ಇಲಿನಾಯ್‌ನ ರಾಜಾ ಕೃಷ್ಣಮೂರ್ತಿ ದೆಹಲಿಯಲ್ಲಿ ಹುಟ್ಟಿ ಮೂರು ತಿಂಗಳ ಕೂಸಾಗಿದ್ದಾಗ ಅಮೆರಿಕಕ್ಕೆ ಹೋದವರು. ಅವರಿಗೂ ಇಲ್ಲ. ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದ ಆಸ್ಟ್ರಿಯಾದ ಆರ್ನಾಲ್ಡ್ ಶ್ವಾರ್ಜ್‌ನೆಗರ್‌ಗೂ ಇಲ್ಲ. 20 ವರ್ಷ ಪ್ರಜೆಯಾಗಿದ್ದವರಿಗೆ ಬಾಗಿಲು ತೆರೆಯೋಣ ಎಂದು ಸೆನೆಟರ್ ಆರಿನ್ ಹ್ಯಾಚ್ 2003ರಲ್ಲಿ ತಿದ್ದುಪಡಿ ಮಂಡಿಸಿದ್ದರು. ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ, ಮೇಲೆ 38 ರಾಜ್ಯಗಳ ಒಪ್ಪಿಗೆ ಬೇಕು. ಅದು ಎಲ್ಲಿಗೂ ಮುಟ್ಟಲಿಲ್ಲ. ಮೂರು ತಿಂಗಳ ಕೂಸಿನ ನಿಷ್ಠೆಯನ್ನು ಅನುಮಾನಿಸುವ ನಿಯಮ ನನ್ನ ಕಣ್ಣಿಗೆ ಅನ್ಯಾಯವೇ. ರಾಜಕುಮಾರರ ಭಯ ಹೋಗಿ ಎಷ್ಟೋ ಕಾಲವಾಯಿತು.

ನಮ್ಮ ಸಂವಿಧಾನ ಈ ವಿಷಯದಲ್ಲಿ ಧಾರಾಳಿ. 58ನೇ ವಿಧಿಯ ಪ್ರಕಾರ ರಾಷ್ಟ್ರಪತಿಯಾಗುವವರು ಭಾರತದ ಪ್ರಜೆಯಾಗಿದ್ದರೆ ಸಾಕು, ಹುಟ್ಟಿದ್ದು ಎಲ್ಲಿ ಎಂದು ಕೇಳುವುದಿಲ್ಲ. 1999ರಲ್ಲಿ ಇಟಲಿಯಲ್ಲಿ ಹುಟ್ಟಿದ ಸೋನಿಯಾ ಗಾಂಧಿ ಬಳ್ಳಾರಿಯಿಂದ ನಿಂತಾಗ, ಕನ್ನಡ ಕಲಿತು ಭಾಷಣ ಮಾಡಿದ ಸುಷ್ಮಾ ಸ್ವರಾಜ್ ಎದುರಾಳಿಯಾಗಿದ್ದಾಗ, ‘ವಿದೇಶಿ ಮೂಲ’ ಎಂಬುದು ಚುನಾವಣಾ ವಿಷಯವಾಗಿತ್ತೇ ಹೊರತು ಕಾನೂನಿನ ತೊಡಕಾಗಿರಲಿಲ್ಲ. ಬಳ್ಳಾರಿಯ ಮತದಾರರು ಅದನ್ನು ತೀರ್ಮಾನಿಸಿದರು. ಆದರೆ ಹುಟ್ಟಿನಿಂದ ಪೌರತ್ವ ಕೊಡುವುದರಲ್ಲಿ ನಾವು ಬಿಗಿಯಾಗುತ್ತಾ ಬಂದಿದ್ದೇವೆ. 1987ರ ಜುಲೈಗೆ ಮುಂಚೆ ಭಾರತದಲ್ಲಿ ಹುಟ್ಟಿದರೆ ಸಾಕಿತ್ತು. ಆಮೇಲೆ ತಂದೆ ತಾಯಿಯಲ್ಲಿ ಒಬ್ಬರು ಭಾರತೀಯರಾಗಿರಬೇಕು ಎಂದಾಯಿತು. 2004ರ ಡಿಸೆಂಬರ್‌ನಿಂದ, ಇಬ್ಬರೂ ಭಾರತೀಯರಾಗಿರಬೇಕು ಅಥವಾ ಒಬ್ಬರು ಭಾರತೀಯರಾಗಿದ್ದು ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಇದರಿಂದ ನಿಮ್ಮ ಮನೆಯಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇದೆ. ಒಸಿಐ ಇರುವವರಿಗೆ ಭಾರತದಲ್ಲಿ ಓಟಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. ಹಾಗಾಗಿ ನಿಮ್ಮ ಮಗಳು ಅಮೆರಿಕದ ಅಧ್ಯಕ್ಷೆಯಾಗಬಹುದು, ಆದರೆ ಮೈಸೂರಿನಲ್ಲಿ ವಾರ್ಡ್ ಕಾರ್ಪೊರೇಟರ್ ಆಗಲಾರಳು. ಮಗನಿಗೆ ಇದು ತಿರುಗುಮುರುಗು. ಅತ್ತೆಗೆ ಇದನ್ನೂ ಹೇಳಿ, ಬಂದವರಿಗೆ ಹೇಳಲು ಇನ್ನೊಂದು ಸಿಕ್ಕಿತು ಎಂದು ಖುಷಿಪಡುತ್ತಾರೆ.

ಕಾಗದಪತ್ರದ ಮಾತು ಹೇಳಿ ಮುಗಿಸುತ್ತೇನೆ. ನ್ಯೂಜೆರ್ಸಿಯ ಜನನ ಪ್ರಮಾಣಪತ್ರದ ಮೂಲ ಪ್ರತಿ ಜೋಪಾನವಾಗಿರಲಿ, ಎಲ್ಲಕ್ಕೂ ಬುಡ ಅದೇ. 16 ವರ್ಷದೊಳಗೆ ಮಾಡಿಸಿದ ಅಮೆರಿಕದ ಪಾಸ್‌ಪೋರ್ಟ್ ಐದು ವರ್ಷಕ್ಕೆ ಮುಗಿಯುತ್ತದೆ. ಅವಳದು ಯಾವಾಗ ಮುಗಿಯುತ್ತದೆ ಎಂದು ಒಮ್ಮೆ ತೆಗೆದು ನೋಡಿ. ಒಸಿಐಯನ್ನು 20 ವರ್ಷ ತುಂಬಿದ ಮೇಲೆ ಒಮ್ಮೆ ಹೊಸದಾಗಿ ಮಾಡಿಸಬೇಕು. ಇನ್ನೊಂದು ಸಂಗತಿಯನ್ನು ಜಾಸ್ತಿ ಜನ ಮರೆಯುತ್ತಾರೆ. ಅವಳು ಮುಂದೆ ಭಾರತೀಯನನ್ನು ಮದುವೆಯಾಗಿ ಇಲ್ಲೇ ಹೆತ್ತರೆ, ಆ ಮಗುವಿಗೆ ಅಮೆರಿಕದ ಪೌರತ್ವ ತಾನಾಗಿ ಬರುವುದಿಲ್ಲ. ಹೆರಿಗೆಗೆ ಮುಂಚೆ ಅವಳು ಒಟ್ಟು ಐದು ವರ್ಷ ಅಮೆರಿಕದಲ್ಲಿ ಇದ್ದಿರಬೇಕು, ಅದರಲ್ಲಿ ಎರಡು ವರ್ಷ 14 ತುಂಬಿದ ಮೇಲಿನದಾಗಿರಬೇಕು. ಮೊದಲ ನಾಲ್ಕು ವರ್ಷದ ಲೆಕ್ಕಕ್ಕೆ ಅಲ್ಲಿನ ಡೇಕೇರ್ ರಸೀದಿ, ಲಸಿಕೆ ಚೀಟಿ, ಹಳೆಯ ಪಾಸ್‌ಪೋರ್ಟಿನ ಮುದ್ರೆಗಳು ಸಾಕ್ಷಿಯಾಗುತ್ತವೆ. ಅವನ್ನು ರದ್ದಿಗೆ ಹಾಕಬೇಡಿ.